ಬೀಚ್ ರೋಡಿನ ಸಾಕ್ಷಿ

ಸ್ನೇಹಿತರೇ, ದಿನಾ ವ್ಯಾಯಾಮ ಮಾಡುವವರು ದಯವಿಟ್ಟು ಬಾಗಿಲು ಹಾಕಿಕೊಂಡು ಮಾಡಿ.

ಈ ಕಡಲತೀರದ ಊರಿನ ದ್ವಾರಕಾ ನಗರದಲ್ಲಿರುವ ನಮ್ಮ ಬ್ಯಾಂಕಿನಿಂದ ನನಗೆ ವಿಜಯವಾಡದ ಭವಾನಿಪುರಂಗೆ ವರ್ಗವಾಗಿದೆ. ಅದನ್ನು ನಿಲ್ಲಿಸಿ ಎಂದು ಕೇಳಲು ಇವತ್ತು ಸಾಹೇಬರ ಮುಂದೆ ನಿಂತೆ. ಆರು ವರ್ಷದ ಬೆನ್ನುನೋವು, ನೋಡುವ ವೈದ್ಯರು ಇಲ್ಲಿದ್ದಾರೆ ಎಂದು ಅವರ ಚೀಟಿ ಮುಂದಿಟ್ಟೆ. ಸಾಹೇಬರು ಧಾರವಾಡದವರು, ನಮ್ಮವರೇ ಎಂಬ ಧೈರ್ಯವಿತ್ತು. ಚೀಟಿ ಮುಟ್ಟಲೂ ಇಲ್ಲ.

"ದಿನಾ ಮುಂಜಾನೆ ಬೀಚ್ ರೋಡಿನ್ಯಾಗ ನಿಮ್ಮನ್ನ ನೋಡ್ತೀನ್ರೀ ಮೇಡಂ. ಏನ್ ಕೈ ಬೀಸಿ ನಡೀತೀರಿ! ಬೆನ್ನುಬ್ಯಾನಿ ಇದ್ದವ್ರು ಹಂಗ ನಡೀತಾರೇನ್ರೀ?"

"ಹಾಗೆ ನಡೆಯದಿದ್ರೆ ಆಮೇಲೆ ಕುರ್ಚೀಲಿ ಕೂರೋಕೇ ಆಗಲ್ಲ ಸರ್. ಡಾಕ್ಟರೇ ಹೇಳಿದ್ದು."

"ಛಲೋ ಆತಲ್ರೀ! ಅಲ್ಲೂ ಕೃಷ್ಣಾ ಹೊಳಿ ದಂಡಿ ಐತಿ, ನಡೀರಿ."

ಕಳೆದ ತಿಂಗಳು ನಮ್ಮ ಸಹೋದ್ಯೋಗಿಯೊಬ್ಬರು ಸೊಂಟಕ್ಕೆ ಬೆಲ್ಟ್ ಕಟ್ಟಿ, ಗೋಡೆ ಹಿಡಿದುಕೊಂಡು ಇದೇ ಕೋಣೆಗೆ ಬಂದಿದ್ದರು. ವ್ಯಾಯಾಮವೆಂದರೆ ಅವರಿಗೆ ಅಲರ್ಜಿ. ಅವರ ವರ್ಗಾವಣೆ ಐದು ನಿಮಿಷದಲ್ಲಿ ರದ್ದಾಯಿತು.

ಕುಂಟದೆ ನಡೆಯುವುದನ್ನು ಕಲಿಯಲು ನನಗೆ ಆರು ವರ್ಷ ಹಿಡಿಯಿತು. ಇವತ್ತೊಂದು ದಿನ ಕುಂಟಿದ್ದರೆ ಸಾಕಿತ್ತು.