ಪರದೆ ಹಿಂದಿನ ಮನೆದೇವರು

ಕಿರುಗಾವಲಿನ ಬಸ್ ನಿಲ್ದಾಣದ ಎದುರು ಒಬ್ಬ ಅಂಗಡಿಯಾತನಿದ್ದ. ಅಂಗಡಿಗಳಲ್ಲಿ ಬೀಡಿ, ಸಿಗರೇಟನ್ನು ಕಾನೂನು ಮೀರಿ ಎದ್ದು ಕಾಣುವಂತೆ ಇಟ್ಟಿದ್ದಾರೆಯೇ ಎಂದು ಪರಿಶೀಲಿಸುವ ಸಮೀಕ್ಷೆಗೆ ನಾನು ಹೋದಾಗ, ಅವನ ತಲೆಯ ಮೇಲೆ ಸಿಗರೇಟು ಪ್ಯಾಕುಗಳು ಸಾಲಾಗಿ ಹೊಳೆಯುತ್ತಿದ್ದವು. ಪಕ್ಕದಲ್ಲೊಂದು ಹೂವಿನ ಪರದೆ. ಅದರ ದಾರದ ತುದಿಯನ್ನು ಅವನ ಕಾಲಿನ ಹೆಬ್ಬೆರಳಿಗೆ ಕಟ್ಟಿತ್ತು. ನನ್ನ ಫಾರಂ ಕಂಡವನೇ ಕಾಲು ಜಗ್ಗಿದ. ಪರದೆ ಸರಿದು ಪ್ಯಾಕುಗಳನ್ನು ಮುಚ್ಚಿತು.

"ಕಾಣ್ದಿದ್ದುಕ್ಕೆ ಕೇಸಿಲ್ಲ ಕಣಪ್ಪ."

"ಈಗ್ತಾನೆ ಕಂಡ್ನಲ್ಲಣ್ಣ?"

"ಈಗ ಕಾಣ್ತಾ ಐತಾ? ಕಾಣ್ದಿದ್ದುಕ್ಕೆ ಕೇಸಿಲ್ಲ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು ನಾನು, ಬಿಡುತ್ತೇನೆಯೇ? ಪರದೆ ಎತ್ತಲು ಕೈ ಚಾಚಿದೆ. ಅಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತು. ಅವನ ತಾಯಿ ಬುತ್ತಿ ಹಿಡಿದು ರಸ್ತೆ ದಾಟುತ್ತಿದ್ದಳು.

"ಎತ್ಬ್ಯಾಡ ಕಣಪ್ಪ, ದಮ್ಮಯ್ಯ," ಎಂದು ಪಿಸುಗುಟ್ಟಿದ. "ಬೀಡಿ ಸಿಗರೇಟು ಸೇದಕಿಲ್ಲ, ಮಾರಕಿಲ್ಲ ಅಂತ ಅವ್ವನ ತಲೆ ಮುಟ್ಟಿ ಆಣೆ ಮಾಡಿವ್ನಿ. ಪರದೆ ಇಂದೆ ಮನೆದೇವ್ರ ಪಟ ಐತೆ ಅಂದಿವ್ನಿ."

ಪರದೆ ಕಾನೂನಿಗಾಗಿ ಹಾಕಿದ್ದಲ್ಲ, ಅವ್ವನಿಗಾಗಿ ಹಾಕಿದ್ದು ಎಂದು ಆಗ ತಿಳಿಯಿತು.

ಅವನ ತಾಯಿ ಬುತ್ತಿ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಪರದೆಗೆ ಭಕ್ತಿಯಿಂದ ಕೈಮುಗಿದಳು. ಆಮೇಲೆ ನನ್ನತ್ತ ತಿರುಗಿದಳು.

"ಏನ್ಲಾ, ಕಂಬ ನಿಂತಂಗೆ ನಿಂತಿದ್ದೀಯ? ದೇವ್ರಿಗೆ ಕೈ ಮುಗಿಯಲಾ!"

ಕಣ್ಣಿಗೆ ಕಾಣದ ದೇವರನ್ನು ನಂಬಲಾರೆ ಎಂದು ವೇದಿಕೆ ಹತ್ತಿ ವಾದಿಸುವವನು ನಾನು. ಆದರೆ ಈ ದೇವರನ್ನು ಕಣ್ಣಾರೆ ಕಂಡಿದ್ದೆನಲ್ಲ, ಅದೂ ಸಾಲುಸಾಲಾಗಿ! ಫಾರಮನ್ನು ಕಂಕುಳಲ್ಲಿ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಕೈಮುಗಿದೆ.