ಸದ್ದು ಮಾಡದೆ ಸಾಯಬೇಕಾದ ನಳಿನಿ

ಸಾವಿನ ವಿಷಯ ಬಂದರೆ ಪಂಕಜಾ ಮೇಡಂ ಮುಖ ಅರಳುತ್ತಿತ್ತು. ಮನುಷ್ಯರ ಸಾವಲ್ಲ, ಬಿಳಿ ರಕ್ತಕಣದ ಸಾವು. ಎಂಬತ್ತರ ದಶಕದ ಕೊನೆಯಲ್ಲಿ ಜಯನಗರದ ನಮ್ಮ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶುರುಮಾಡಿದರೆ ಬೆಲ್ ಹೊಡೆದದ್ದೂ ಅವರಿಗೆ ಕೇಳಿಸುತ್ತಿರಲಿಲ್ಲ.

“ನೋಡ್ರೇ, ಗಾಯಕ್ಕೆ ಕ್ರಿಮಿ ನುಗ್ತು ಅಂದ್ರೆ ನ್ಯೂಟ್ರೊಫಿಲ್ ಅನ್ನೋ ಬಿಳಿ ಕಣ ಮೊದಲು ಓಡ್ಬರ್ತಾನೆ. ಹೊಡೆದಾಡ್ತಾನೆ, ನುಂಗ್ತಾನೆ. ಕೆಲಸ ಮುಗೀತು. ಈಗ ಅವನ ಹೊಟ್ಟೇಲಿರೋ ವಿಷ ಏನಾಗ್ಬೇಕು? ಒಡೆದು ಚೆಲ್ಲಿದ್ರೆ ಅಕ್ಕಪಕ್ಕದೋರಿಗೆಲ್ಲ ಪೆಟ್ಟು. ಅದಕ್ಕೇ ಹೆಂಗೆ ಸಾಯ್ಬೇಕು ಅನ್ನೋದು ಅವನೊಳಗೇ ಬರೆದಿರುತ್ತೆ. ಕುಗ್ಗಿ, ಮುದುಡಿ, ಗಂಟಾಗಿ ಕೂತ್ಬಿಡ್ತಾನೆ. ದೊಡ್ಡ ಭಕ್ಷಕ ಕಣ ಬಂದು ಗಂಟನ್ನೇ ನುಂಗುತ್ತೆ. ಎಂಥಾ ಮರ್ಯಾದಸ್ಥರ ಸಾವು!”

ಇದು ಸಿಲಬಸ್ಸಿನಲ್ಲಿರಲಿಲ್ಲ. ಪ್ರಿನ್ಸಿಪಾಲರು ಬಿಟ್ಟುಬಿಡಿ ಎಂದರು. ಮೇಡಂ ಪ್ರಿನ್ಸಿಪಾಲರ ಕೋಣೆಯಿಂದ ನಗುತ್ತಲೇ ಬಂದರು. “ಕ್ಲಾಸಲ್ಲಿ ಬೇಡ್ವಂತೆ. ಕಾಲೇಜ್ ಡೇಗೆ ನಾಟಕ ಆಡೋಣ.”

ಬಿಳಿ ಕಣದ ಪಾತ್ರ ಗೆಳತಿ ನಳಿನಿಗೆ, ಭಕ್ಷಕ ಕಣ ನನಗೆ. ತರಗತಿಯಲ್ಲಿ ದಪ್ಪಗಿದ್ದವಳು ನಾನೊಬ್ಬಳೇ. ಬಸ್‌ಸ್ಟಾಪಿನ ಹುಡುಗರ ಮಾತು ಕೇಳಿ ಕೇಳಿ ತಲೆ ತಗ್ಗಿಸಿ ನಡೆಯುವುದೇ ರೂಢಿಯಾಗಿತ್ತು. “ಬೇಡ ಮೇಡಂ, ಎಲ್ಲಾರೂ ನಗ್ತಾರೆ,” ಎಂದು ಅತ್ತೇಬಿಟ್ಟೆ.

“ನಗ್ಲಿ ಬಿಡೇ, ನಾನೂ ನಗ್ತೀನಿ. ಆದ್ರೆ ನೀನು ಬರ್ದೇ ಇದ್ರೆ ನಮ್ಮ ಕಥೆ ಮುಗಿಯೋದೇ ಇಲ್ವಲ್ಲೇ,” ಎಂದು ಸೆರಗಿನಿಂದ ನನ್ನ ಕೆನ್ನೆ ಒರೆಸಿದರು.

ಆ ದಿನ ನಳಿನಿ ಬಿಳಿ ಬೆಡ್‌ಶೀಟ್ ಹೊದ್ದು ಬಂದು ಕ್ರಿಮಿಗಳನ್ನು ಬಡಿದಳು. ಚಪ್ಪಾಳೆ ಬಿತ್ತು. ಅಲ್ಲಿಗೆ ಅವಳಿಗೆ ಅಮಲೇರಿತು. ಮಾತಿಲ್ಲದೆ ಮುದುಡಬೇಕಾದವಳು ಎದೆ ಹಿಡಿದುಕೊಂಡು “ಅಯ್ಯೋ ತಾಯೇ!” ಎಂದು ಕಂಪನಿ ನಾಟಕದವರಂತೆ ಕಿರುಚಿದಳು. ಬಿದ್ದಳು, ಎದ್ದಳು, ಇನ್ನೊಂದು ಕಡೆ ಹೋಗಿ ಬಿದ್ದಳು.

ಪರದೆಯ ಪಕ್ಕದಲ್ಲಿದ್ದ ಮೇಡಂಗೆ ತಡೆಯಲಾಗಲಿಲ್ಲ. “ಸದ್ದು ಮಾಡ್ದೆ ಸಾಯೇ ನಳಿನಿ! ಒಡೀಬೇಡ! ಮುದುಡ್ಕೋ!”

ಸಭೆ ಹೋ ಎಂದಿತು. ನಳಿನಿ ಮಾತ್ರ ಸಾಯುವಂತೆ ಕಾಣಲಿಲ್ಲ. ನನಗೇನಾಯಿತೋ, ರಂಗದ ಮೇಲೆ ನುಗ್ಗಿ, ಅವಳನ್ನು ಬೆಡ್‌ಶೀಟಿನಲ್ಲೇ ಸುತ್ತಿ, “ಸಾಕು ಬಾರೇ, ಊಟಕ್ಕೆ ಹೊತ್ತಾಯ್ತು,” ಎಂದು ಹೆಗಲಿಗೆ ಹಾಕಿಕೊಂಡು ನಡೆದೆ. ಜನ ಎದ್ದು ನಿಂತು ನಕ್ಕರು. ಆ ನಗುವಿನ ನಡುವೆ ನಾನು ತಲೆ ಎತ್ತಿಕೊಂಡೇ ನಡೆದೆ, ಇನ್ನೊಂದು ಸುತ್ತು ಹೊಡೆಯೋಣವೇ ಅನ್ನಿಸುವಷ್ಟು ಖುಷಿ. ಪ್ರಿನ್ಸಿಪಾಲರು ಕಣ್ಣೊರೆಸಿಕೊಳ್ಳುತ್ತಾ, “ಈಗ ಅರ್ಥ ಆಯ್ತು ನೋಡಿ ಪಂಕಜಾ,” ಎಂದರು.

ಮೇಡಂ ಅದೇ ವರ್ಷ ನಿವೃತ್ತರಾಗಿ, ಗಿರಿನಗರದ ಮನೆ ಖಾಲಿ ಮಾಡಿ ಹಾಸನದ ತಂಗಿಯ ಮನೆಗೆ ಹೊರಟರು. ಬಸ್ಸು ಹತ್ತಿಸಲು ನಾನು, ನಳಿನಿ ಹೋಗಿದ್ದೆವು. ಅವರನ್ನು ನಾನು ಕಡೆಯ ಸಲ ನೋಡಿದ್ದು ಅಲ್ಲೇ. ಅವರ ಪಕ್ಕದ ಸೀಟಿನಲ್ಲಿ ಬೆರಳಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸೊಬ್ಬರು ಬಂದು ಕೂತರು. ಬಸ್ಸು ಹೊರಟಿತು. ನಾವು ಕೈ ಬೀಸಿದೆವು. ಮೇಡಂ ಈ ಕಡೆ ತಿರುಗಲೇ ಇಲ್ಲ. ಕಿಟಕಿಯೊಳಗೆ ಅವರ ಎರಡೂ ಕೈಗಳು ಗಾಳಿಯಲ್ಲಿ ಓಡಾಡುತ್ತಿದ್ದವು. ಆ ಹೆಂಗಸು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.