ಹಾರ್ಡ್‌ಡಿಸ್ಕಿನಲ್ಲಿದ್ದ ಕಸೂತಿ

ಕಳೆದ ವರ್ಷ ಮೂಡುಬಿದಿರೆಯ ನಮ್ಮ ಮನೆಗೆ ಫರಂಗಿಪೇಟೆಯಿಂದ ಒಬ್ಬ ಹೆಂಗಸು ಬಂದರು. ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ, ಹಳೆಯ ಕಂಪ್ಯೂಟರಿನ ಸಿಪಿಯುವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ಮದುಮಗಳ ಬಟ್ಟೆಗೆ ಯಂತ್ರದಲ್ಲಿ ಕಸೂತಿ ಹಾಕುವುದು ಅವರ ಕೆಲಸ. ಆ ಯಂತ್ರವನ್ನು ನಡೆಸುವ ಪ್ರೋಗ್ರಾಂ ಇದ್ದದ್ದು ಈ ಕಂಪ್ಯೂಟರಿನಲ್ಲಿ ಮಾತ್ರ. ಹೊಸದರಲ್ಲಿ ಅದು ಓಡುವುದಿಲ್ಲ. ನಾನು ಕಂಪ್ಯೂಟರ್ ಪಾಠ ಹೇಳಿ ನಿವೃತ್ತನಾದವನು, ಇಂಥ ಹಳೆಯ ಯಂತ್ರಗಳನ್ನು ಬಿಚ್ಚಿಕೊಂಡು ಕೂರುವವನು ಎಂದು ಯಾರೋ ಅವರಿಗೆ ಹೇಳಿದ್ದರಂತೆ.

ಆನ್ ಮಾಡಿದೆ. ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದಿತು. ಡಿಸ್ಕ್ ಕೆಡುತ್ತಿರುವ ಸದ್ದು ಅದು. ಕೂಡಲೇ ಆಫ್ ಮಾಡಿದೆ.

"ಡಿಸೈನ್ ಮಾತ್ರ ತೆಗೆದುಕೊಡಿ ಸರ್. ಬೇರೆ ಎಂತ ಬೇಡ."

"ಅದನ್ನು ಓದುವ ಪ್ರೋಗ್ರಾಂ ಎಲ್ಲಿಂದ ತರುವುದು? ಇಡೀ ಡಿಸ್ಕನ್ನೇ ಇದ್ದ ಹಾಗೆ ಒಂದು ಫೈಲಿಗೆ ನಕಲು ಮಾಡುವ. ಇಮೇಜ್ ಅಂತ ಹೇಳ್ತೇವೆ. ಮತ್ತೆ ಅದನ್ನು ಬೇರೆ ಡಿಸ್ಕಿಗೆ ಇಳಿಸುವ."

"ಅಷ್ಟರಲ್ಲಿ ಇದು ಸತ್ತರೆ?"

"ಸಾಯಲೂಬಹುದು," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವರು ಟವೆಲನ್ನು ಮಡಚಿ ಪಕ್ಕಕ್ಕಿಟ್ಟರು. "ಮಾಡಿ ಸರ್."

ಡಿಸ್ಕನ್ನು ಹೊರತೆಗೆದು ನನ್ನ ಕಂಪ್ಯೂಟರಿಗೆ ಜೋಡಿಸಿ, ಅದು ಬಿಸಿಯಾಗದಂತೆ ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ನಕಲು ಮೆಲ್ಲಗೆ ಸಾಗಿತು. ಕೆಟ್ಟ ಜಾಗ ಬಂದಲ್ಲಿ ನಿಂತು, ಮತ್ತೆ ಮತ್ತೆ ಓದಲು ನೋಡಿ, ಆಗದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ನನ್ನ ಹೆಂಡತಿ ಕೊಟ್ಟ ಚಹಾ ಅವರ ಕೈಯಲ್ಲೇ ಆರಿತು. ಇಮೇಜ್ ಯಾವುದನ್ನೂ ಆರಿಸಿಕೊಳ್ಳುವುದಿಲ್ಲ. ಬೇಕಾದದ್ದು, ಬೇಡದ್ದು, ಏನೂ ಬರೆಯದ ಖಾಲಿ ಜಾಗ, ಎಲ್ಲವೂ ಅದಕ್ಕೆ ಒಂದೇ. ನನ್ನ ನೆನಪು ಹಾಗಲ್ಲವಲ್ಲ ಎಂದು ಯೋಚಿಸುತ್ತಾ ಕುಳಿತಿದ್ದೆ.

ಸಂಜೆಗೆ ನಕಲು ಮುಗಿಯಿತು. ಮತ್ತೊಮ್ಮೆ ಜೋಡಿಸಿದಾಗ ಹಳೆಯ ಡಿಸ್ಕ್ ತಿರುಗಲೇ ಇಲ್ಲ.

ಮರುದಿನ ಇಮೇಜನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಸಿಪಿಯುವಿನೊಳಗೆ ಕೂರಿಸಿ, ಫರಂಗಿಪೇಟೆಗೆ ನಾನೇ ಒಯ್ದೆ. ಕಂಪ್ಯೂಟರ್ ಹಿಂದಿನ ಹಾಗೆಯೇ ತೆರೆದುಕೊಂಡಿತು. ಅವರು ಒಂದೊಂದೇ ಡಿಸೈನ್ ತೆರೆದು ನೋಡಿದರು: ಬಳ್ಳಿ, ನವಿಲು, ಮಾವಿನ ಮಿಡಿ. ಒಂದು ಮಾತ್ರ ತೆರೆಯಲಿಲ್ಲ. ತಂಗಿಯ ಮದುವೆಗೆಂದು ಮಾಡಿದ ಮಲ್ಲಿಗೆ ಮೊಗ್ಗಿನ ಅಂಚು, ಅವರ ಮೊತ್ತಮೊದಲ ಡಿಸೈನ್. ಕೆಟ್ಟ ಜಾಗ ಸರಿಯಾಗಿ ಅಲ್ಲೇ ಬಿದ್ದಿತ್ತು.

"ತಂಗಿಯ ಬಟ್ಟೆ ಉಂಟಲ್ಲ, ನೋಡಿ ಬಿಡಿಸಬಹುದು," ಎಂದೆ.

"ಅದು ಅವಳ ಜೊತೆ ದುಬೈಗೆ ಹೋಗಿದೆ ಸರ್."

ಅವರು ಪೆನ್ಸಿಲ್ ತೆಗೆದುಕೊಂಡು ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಕಾಗದ ಹಾಸಿದರು. ಮೊಗ್ಗು, ದಾರ, ಮತ್ತೆ ಮೊಗ್ಗು. ಎರಡು ಸಲ ಅಳಿಸಿದರು. ನಾನು ಹೊರಗೆ ಹೋಗಿ ನಿಂತೆ.

ಕೆಲವು ವಾರಗಳ ನಂತರ ಫೋನ್ ಬಂತು. "ಹೊಸ ಅಂಚಿನ ಫೋಟೋ ತಂಗಿಗೆ ಕಳಿಸಿದೆ ಸರ್. ಮೊದಲಿನದಕ್ಕಿಂತ ಇದೇ ಚಂದ ಉಂಟು ಅಂತ ಹೇಳಿದಳು." ಆಮೇಲೆ, "ನನಗೆ ಮೊದಲಿನದ್ದೇ ಬೇಕಿತ್ತು," ಎಂದರು.

"ಹೊಸದರ ಒಂದು ನಕಲು ನನ್ನಲ್ಲೂ ಇರಲಿ, ಕಳಿಸಿ," ಎಂದೆ.